ಹಳ್ಳಿ ಮನೆಯ ಅಂಗಳದಿಂದಲೇ ಹಳೇ ಕಾರಿನ ವ್ಯಾಪಾರ: ಶುರು ಮಾಡುವವರಿಗೆ

ಹಳ್ಳಿಯಲ್ಲಿ ಕೂತು ಹಳೇ ಕಾರು ಮಾರಬಹುದಾ ಅಂತ ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಖಂಡಿತ ಮಾರಬಹುದು, ಆದರೆ ಪೇಟೆಯವರ ರೀತಿಯಲ್ಲಿ ಅಲ್ಲ. ಪೇಟೆಯ ವ್ಯಾಪಾರಿಯ ಅಂಗಡಿ ಮುಂದೆ ದಿನವಿಡೀ ಜನ ಓಡಾಡುತ್ತಾರೆ. ಒಂದು ಕಾರು ಹಿಡಿಸದಿದ್ದರೆ ಪಕ್ಕದ್ದು ತೋರಿಸುತ್ತಾನೆ. ನಮ್ಮ ಅಂಗಳದಲ್ಲಿ ನಿಂತಿರುವುದು ಒಂದೋ ಎರಡೋ ಕಾರು. ಅದನ್ನು ನೋಡಲು ಬರುವವರು ಅರ್ಧ ದಿನ ಬಿಡುವು ಮಾಡಿಕೊಂಡು, ದಾರಿ ಕೇಳಿಕೊಂಡು ಬರುತ್ತಾರೆ. ಫೋನಿನಲ್ಲಿ ನಾವು ಹೇಳಿದ್ದೇ ಇಲ್ಲಿ ಕಣ್ಣಿಗೆ ಕಾಣಬೇಕು. ನಾನು ಮಾಡುವ ಎಲ್ಲ ಕೆಲಸವೂ ಅದಕ್ಕಾಗಿಯೇ.

ಮೊದಲು ಅನುಮತಿ ವಿಷಯ ಮುಗಿಸಿಕೊಳ್ಳಿ. ಲಾಭಕ್ಕಾಗಿ ಪದೇ ಪದೇ ವಾಹನ ಕೊಂಡು ಮಾರುವವರು ಡೀಲರ್ ಲೈಸೆನ್ಸ್ ಅಥವಾ ನೋಂದಣಿ ಮಾಡಿಸಬೇಕು ಅಂತ ಬಹಳಷ್ಟು ಕಡೆ ಕಾನೂನಿದೆ. ಮನೆ ಜಾಗದಲ್ಲಿ ವ್ಯಾಪಾರ ಮಾಡಬಹುದೇ, ಎಷ್ಟು ವಾಹನ ನಿಲ್ಲಿಸಬಹುದು, ತೆರಿಗೆ ಹೇಗೆ, ಇದೆಲ್ಲ ಒಂದೊಂದು ಕಡೆ ಒಂದೊಂದು ಥರ. ವಾಹನ ನೋಂದಣಿ ಕಚೇರಿಗೂ ಸ್ಥಳೀಯ ಆಡಳಿತದ ಕಚೇರಿಗೂ ಖುದ್ದಾಗಿ ಹೋಗಿ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಅಕ್ಕಪಕ್ಕದ ಮನೆಯವರಿಗೂ ಮುಂಚೆಯೇ ಹೇಳಿಬಿಡಿ. ಗೊತ್ತಿಲ್ಲದ ಜನ ಬಂದು ಹೋಗುವುದು ಶುರುವಾದರೆ ಅವರಿಗೆ ಗಾಬರಿ ಆಗುತ್ತೆ ಅಲ್ವಾ.

ಬಂಡವಾಳ ಒಂದು ಕಾರಿಗೆ ಸಾಕಾಗುವಷ್ಟಿದ್ದರೆ ಸಾಕು. ಸಾಲದ ದುಡ್ಡಿನಲ್ಲಿ ಮೊದಲ ಕಾರು ಕೊಳ್ಳಬೇಡಿ. ಬಡ್ಡಿ ಓಡುತ್ತಿರುವಾಗ ಯಾರೋ ಒಬ್ಬರು ಕಡಿಮೆಗೆ ಕೇಳಿದರೂ ಕೊಟ್ಟುಬಿಡುತ್ತೇವೆ. ಬಾಡಿಗೆ ಇಲ್ಲದ ಜಾಗ, ಕಾಯುವ ಶಕ್ತಿ, ಇವೆರಡೇ ಹಳ್ಳಿಯವರ ದೊಡ್ಡ ಬಲ. ಸಾಲ ಮಾಡಿದರೆ ಎರಡನೆಯದು ಹೋಯಿತು. ಇರುವ ದುಡ್ಡಿನಲ್ಲಿ ಕಾಲು ಭಾಗ ರಿಪೇರಿ, ಕಾಗದಪತ್ರ, ವಿಮೆಗೆ ಎತ್ತಿಟ್ಟು ಉಳಿದದ್ದರಲ್ಲಿ ಮಾತ್ರ ಕಾರು ಹುಡುಕಿ.

ಎಂಥ ಕಾರು? ನಿಮ್ಮ ಸುತ್ತಲಿನ ರಸ್ತೆಯಲ್ಲಿ ದಿನಾ ಓಡಾಡುವಂಥದ್ದು. ಅದರ ಬಿಡಿಭಾಗ ಹತ್ತಿರದಲ್ಲೇ ಸಿಗುತ್ತೆ, ಎಲ್ಲ ಮೆಕ್ಯಾನಿಕ್‌ಗಳಿಗೂ ಕೈ ಪಳಗಿರುತ್ತೆ. ಹಳೇ ಐಷಾರಾಮಿ ಕಾರು ಅಗ್ಗಕ್ಕೆ ಸಿಕ್ಕರೂ ಬಿಡಿ. ಅದರ ಒಂದು ಸಸ್ಪೆನ್ಷನ್ ಭಾಗದ ಬೆಲೆಗೆ ನಿಮ್ಮ ಲಾಭವೆಲ್ಲ ಹೋಗುತ್ತೆ.

ಕೊಳ್ಳುವಾಗಿನ ಪರೀಕ್ಷೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನನ್ನ ಲಾಭ ನಿರ್ಧಾರವಾಗುವುದು ಅಲ್ಲೇ. ಕಾರು ನೋಡಲು ಬೆಳಗ್ಗೆಯೇ ಹೋಗುತ್ತೇನೆ, ಎಂಜಿನ್ ಸ್ಟಾರ್ಟ್ ಮಾಡಿಡಬೇಡಿ ಅಂತ ಮುಂಚೆಯೇ ಹೇಳಿರುತ್ತೇನೆ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡುತ್ತೇನೆ. ಬೆಚ್ಚಗಿದ್ದರೆ ತಣ್ಣಗಾಗುವವರೆಗೂ ಕಾಯುತ್ತೇನೆ. ತಣ್ಣಗಿರುವ ಎಂಜಿನ್ ತನ್ನ ಕಾಯಿಲೆ ಮುಚ್ಚಿಡುವುದಿಲ್ಲ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆ ಅಂದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಚಳಿಯಲ್ಲಿ ಬಿಳಿ ಆವಿ ಬರುವುದು ಸಹಜ, ಆದರೆ ಎಂಜಿನ್ ಬಿಸಿಯಾದ ಮೇಲೂ ದಟ್ಟವಾಗಿ ಬರುತ್ತಿದ್ದರೆ ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಒಳಗೆ ಸೋರುತ್ತಿದೆ ಅನ್ನುವ ಅನುಮಾನ ಇಟ್ಟುಕೊಳ್ಳಿ.

ಚಾಸಿಸ್ ನಂಬರ್ ಅನ್ನು ಒಂದೊಂದೇ ಅಕ್ಷರ ಓದಿ. 1981ರ ನಂತರದ ಬಹುತೇಕ ಕಾರುಗಳಲ್ಲಿ ಅದು 17 ಅಕ್ಷರ ಮತ್ತು ಅಂಕಿಗಳ ಸಾಲು. ಅದರಲ್ಲಿ ಐ, ಓ, ಕ್ಯೂ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಬಳಸುವುದೇ ಇಲ್ಲ. 1, 0 ಅಂಕಿಗಳ ಜೊತೆ ಗೊಂದಲ ಆಗಬಾರದು ಅಂತ. 17 ಅಕ್ಷರದ ನಂಬರಿನಲ್ಲಿ ಈ ಮೂರರಲ್ಲಿ ಯಾವುದಾದರೂ ಕಂಡರೆ, ಅಥವಾ ನಂಬರ್ ಇರುವ ಜಾಗದಲ್ಲಿ ಉಜ್ಜಿದ ಗುರುತು, ಹೊಸ ಬಣ್ಣ ಇದ್ದರೆ, ನಾನು ಮುಂದೆ ಮಾತೇ ಆಡುವುದಿಲ್ಲ. ಟಯರಿನ ಪಕ್ಕದಲ್ಲಿ ತಯಾರಾದ ದಿನದ ನಾಲ್ಕು ಅಂಕಿ ಇರುತ್ತೆ. 2319 ಅಂದರೆ 2019ರ 23ನೇ ವಾರ. ಕಾರು ತುಂಬಾ ಕಡಿಮೆ ಓಡಿದೆ ಅಂತಾರೆ, ಆದರೆ ನಾಲ್ಕೂ ಟಯರ್ ಒಮ್ಮೆ ಬದಲಾಗಿವೆ. ಬ್ರೇಕ್ ಪೆಡಲಿನ ರಬ್ಬರ್ ನುಣ್ಣಗೆ ಸವೆದಿದೆ. ಆಗ ಮೀಟರಿನ ಮಾತು ನಂಬಬೇಡಿ. ಟಯರಿನ ತೋಡಿನ ಆಳ 1.6 ಮಿಲಿಮೀಟರಿಗಿಂತ ಕೆಳಗೆ ಇಳಿದಿದ್ದರೆ ಅನೇಕ ದೇಶಗಳಲ್ಲಿ ಅದು ರಸ್ತೆಗೆ ಯೋಗ್ಯವಲ್ಲ. ಹೊಸ ಟಯರಿನ ಖರ್ಚನ್ನು ಬೆಲೆಯಲ್ಲೇ ಕಳೆಯಿರಿ.

ಪ್ರವಾಹದ ನೀರು ಹೊಕ್ಕ ಕಾರನ್ನು ಹಿಡಿಯಲು ನನಗೆ ತುಂಬಾ ನಂಬಿಕೆಯ ಜಾಗ ಸೀಟ್ ಬೆಲ್ಟ್. ಅದನ್ನು ಕೊನೆಯವರೆಗೂ ಎಳೆಯಿರಿ. ಕಾರು ತೊಳೆಸುವವರು ಸೀಟು ಒರೆಸುತ್ತಾರೆ, ಮ್ಯಾಟ್ ಬದಲಿಸುತ್ತಾರೆ, ಸುವಾಸನೆ ಹೊಡೆಯುತ್ತಾರೆ. ಸುರುಳಿಯ ಒಳಗಿನ ಆ ಕೊನೆಯ ಗೇಣು ಪಟ್ಟಿಯನ್ನು ತೊಳೆಯುವವರು ಕಡಿಮೆ. ಅಲ್ಲಿ ಮಣ್ಣಿನ ಗೆರೆ ಉಳಿದಿರುತ್ತೆ. ಜೊತೆಗೆ ಸೀಟಿನ ಕೆಳಗಿನ ಕಬ್ಬಿಣದ ಹಳಿಗಳಿಗೆ ತುಕ್ಕು ಹಿಡಿದಿದ್ದರೆ ಸುಮ್ನೆ ಹೊರಟುಬಿಡಿ.

ಓಬಿಡಿ ಸ್ಕ್ಯಾನರ್, ಅಂದರೆ ಕಾರಿಗೆ ಸಿಕ್ಕಿಸಿ ಅದರ ಕಂಪ್ಯೂಟರಿನಲ್ಲಿರುವ ದೋಷದ ಕೋಡ್ ಓದುವ ಸಾಧನ, ಒಂದು ತಪ್ಪದೇ ಕೊಳ್ಳಿ. ಸಣ್ಣದೇ ಸಾಕು. ಎಂಜಿನ್ ದೀಪ ಉರಿಯುತ್ತಿಲ್ಲ ಅಂದ ಮಾತ್ರಕ್ಕೆ ದೋಷ ಇಲ್ಲ ಅಂತಲ್ಲ, ನೀವು ಬರುವ ಮುಂಚೆ ಕೋಡ್ ಅಳಿಸಿರಬಹುದು. ಹಾಗೆ ಅಳಿಸಿದಾಗ ಕಾರು ತನ್ನೊಳಗಿನ ಪರೀಕ್ಷೆಗಳನ್ನು ಮೊದಲಿಂದ ಮಾಡಬೇಕಾಗುತ್ತೆ, ಅದು ಮುಗಿಯುವವರೆಗೂ ಸ್ಕ್ಯಾನರಿನಲ್ಲಿ 'ಅಪೂರ್ಣ' ಅಂತ ತೋರಿಸುತ್ತೆ. ಈಚೆಗೆ ಬ್ಯಾಟರಿ ಬಿಚ್ಚಿದ್ದರೂ ಹೀಗಾಗಬಹುದು. ಹಾಗಾಗಿ ಕೇಳಿ ನೋಡಿ, ನಾಲ್ಕು ದಿನ ಓಡಿಸಿದ ಮೇಲೆ ಮತ್ತೆ ಬನ್ನಿ.

ಇಷ್ಟಾದ ಮೇಲೂ ಮೆಕ್ಯಾನಿಕ್ ಬೇಕೇ ಬೇಕು. ಒಂದು ಮಾತು ನೆನಪಿಡಿ: ಕಾರು ಕೊಂಡರೂ ಕೊಳ್ಳದಿದ್ದರೂ ಅವರ ಕೂಲಿ ಒಂದೇ ಇರಲಿ. ಕೊಂಡರೆ ಮಾತ್ರ ದುಡ್ಡು ಅಂತಾದರೆ 'ಬೇಡ' ಅನ್ನುವುದು ಅವರಿಗೂ ಕಷ್ಟ.

ಕಾಗದದಲ್ಲಿ ಮುಖ್ಯವಾದವು ಮೂರು. ಮಾರುವವರ ಹೆಸರೇ ನೋಂದಣಿ ಪತ್ರದಲ್ಲಿ ಇರಬೇಕು. ಸಾಲ ತೀರಿದೆ ಅಂತ ಸಾಲ ಕೊಟ್ಟವರಿಂದ ಪತ್ರ ಬೇಕು, ಬಾಯಿಮಾತು ಬೇಡ. ಕಟ್ಟದ ದಂಡ, ತೆರಿಗೆ ಬಾಕಿ ಇದೆಯಾ ನೋಡಿ. ಕಾರು ಕೈ ಬದಲಾಗುವಾಗ ದಿನಾಂಕದ ಜೊತೆ ಗಂಟೆ ನಿಮಿಷವನ್ನೂ ಬರೆದು ಇಬ್ಬರೂ ಸಹಿ ಮಾಡಿ. ಬೆಳಗ್ಗೆ ಆದ ಅಪಘಾತ ಮಧ್ಯಾಹ್ನ ಕೊಂಡವರ ತಲೆಗೆ ಬರಬಾರದು.

ಮನೆಗೆ ಬಂದ ಕಾರನ್ನು ನಿಲ್ಲಿಸಿ ಮರೆಯಬೇಡಿ. ಹಳ್ಳಿಯಲ್ಲಿ ಇಲಿಯೇ ದೊಡ್ಡ ಶತ್ರು. ಎಂಜಿನ್ ಕೆಳಗೆ ಬೆಚ್ಚಗಿನ ಜಾಗ ನೋಡಿ ಗೂಡು ಕಟ್ಟುತ್ತೆ, ವೈರು ಕಡಿಯುತ್ತೆ. ಹುಲ್ಲು, ಧಾನ್ಯದ ಚೀಲದ ಹತ್ತಿರ ನಿಲ್ಲಿಸಬೇಡಿ. ಎರಡು ದಿನಕ್ಕೊಮ್ಮೆ ಬಾನೆಟ್ ತೆರೆದು ನೋಡಿ. ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಓಡಿಸಿ, ಆಗ ಬ್ಯಾಟರಿ, ಬ್ರೇಕ್, ಟಯರ್ ಮೂರೂ ಚೆನ್ನಾಗಿರುತ್ತವೆ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12ರ ಆಸುಪಾಸಿಗೆ ಇಳಿದಿದ್ದರೆ ಮೊದಲು ಚಾರ್ಜ್ ಮಾಡಿ ನೋಡಿ, ನಿಲ್ಲದಿದ್ದರೆ ಹೊಸದು ಹಾಕಿ.

ಜಾಹೀರಾತಿಗೆ ಫೋಟೋ ತೆಗೆಯುವಾಗ ಗೀಚು, ತಗ್ಗು, ಸೀಟಿನ ಹರಿದ ಜಾಗಗಳನ್ನು ಹತ್ತಿರದಿಂದ ತೆಗೆಯಿರಿ. ನಾನು ಪ್ರತಿ ಕಾರಿಗೂ ದೋಷಗಳ ಒಂದು ಹಾಳೆ ಬರೆದು, ಮುಂದಿನ ಗಾಜಿನ ಒಳಗೆ ಅಂಟಿಸುತ್ತೇನೆ. ಅದರ ಫೋಟೋ ಜಾಹೀರಾತಿನಲ್ಲೂ ಇರುತ್ತೆ. 'ಎಡ ಹಿಂಬಾಗಿಲಿಗೆ ಮತ್ತೆ ಬಣ್ಣ ಆಗಿದೆ. ಎಸಿ ತಣ್ಣಗಾಗಲು ಐದು ನಿಮಿಷ ಬೇಕು. ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಇಲ್ಲ, ಬದಲಿಸಿಕೊಳ್ಳಿ.' ಅಷ್ಟೇ ನೇರವಾಗಿ. ಜಾರ್ಜ್ ಅಕರ್ಲಾಫ್ ಅನ್ನುವ ಅರ್ಥಶಾಸ್ತ್ರಜ್ಞ 1970ರಲ್ಲೇ ಹಳೇ ಕಾರಿನ ಉದಾಹರಣೆ ಇಟ್ಟುಕೊಂಡು ಇದನ್ನು ವಿವರಿಸಿದ್ದರು: ಮಾರುವವರಿಗೆ ಗೊತ್ತಿರುವುದು ಕೊಳ್ಳುವವರಿಗೆ ಗೊತ್ತಿಲ್ಲ, ಹಾಗಾಗಿ ಅವರು ಒಳ್ಳೇ ಕಾರಿಗೂ ಅನುಮಾನದ ಬೆಲೆಯನ್ನೇ ಕಟ್ಟುತ್ತಾರೆ. ಹಾಳೆ ಅಂಟಿಸಿದ ಕಾರಿಗೆ ಚೌಕಾಸಿ ಕಡಿಮೆ ಆಗುವುದನ್ನು ನಾನು ಅಂಗಳದಲ್ಲೇ ನೋಡುತ್ತೇನೆ. ದೋಷ ಹುಡುಕಿ ಬೆಲೆ ಇಳಿಸೋಣ ಅಂತ ಬಂದವರಿಗೆ ಹುಡುಕಲು ಏನೂ ಉಳಿದಿರುವುದಿಲ್ಲ.

ಟೆಸ್ಟ್ ಡ್ರೈವ್‌ಗೆ ಕೊಡುವ ಮೊದಲು ಲೈಸೆನ್ಸ್ ನೋಡಿ, ಅದರ ಫೋಟೋ ತೆಗೆದುಕೊಳ್ಳಿ. ನಿಮ್ಮ ವಿಮೆ ಬೇರೆಯವರು ಓಡಿಸುವುದಕ್ಕೂ ಅನ್ವಯಿಸುತ್ತಾ ಅಂತ ಮೊದಲೇ ಕೇಳಿಟ್ಟಿರಿ. ನೀವೂ ಜೊತೆಗೆ ಕೂತುಕೊಳ್ಳಿ. ದಾರಿ ನಾನೇ ಹೇಳುತ್ತೇನೆ: ಒಂದು ಏರು, ಒಂದಿಷ್ಟು ಹೊಂಡದ ರಸ್ತೆ, ವೇಗವಾಗಿ ಹೋಗಬಹುದಾದ ಒಂದು ಉದ್ದದ ತುಂಡು. ಅವರದೇ ಮೆಕ್ಯಾನಿಕ್‌ ಕರೆತರುತ್ತೇನೆ ಅಂದರೆ ಸಂತೋಷವಾಗಿ ಒಪ್ಪಿ.

ಮಾರಿದ ಮೇಲೆ ಹೆಸರು ವರ್ಗಾವಣೆ ಅರ್ಜಿ ಹಾಕಲು ನೀವೇ ಜೊತೆಗೆ ಹೋಗಿ. ಕೊಂಡವರೇ ಮಾಡಿಸಿಕೊಳ್ಳುತ್ತಾರೆ ಅಂತ ಬಿಟ್ಟರೆ ತಿಂಗಳುಗಟ್ಟಲೆ ಹಳೇ ಮಾಲೀಕರ ಹೆಸರಲ್ಲೇ ಓಡುತ್ತಿರುತ್ತೆ, ದಂಡದ ನೋಟಿಸು ಅವರ ಮನೆಗೇ ಬರುತ್ತೆ. ವರ್ಗಾವಣೆ ಆದ ಪತ್ರದ ನಕಲನ್ನು ಮೊದಲ ಮಾಲೀಕರಿಗೂ ಕಳಿಸಿ. ನನಗೆ ಮುಂದಿನ ಕಾರಿನ ಸುಳಿವು ಎಷ್ಟೋ ಸಲ ಅವರಿಂದಲೇ ಬರುತ್ತೆ.