ಯುರೋಪಿನವರ ಹೆಸರು ಬರೆಯುವ ಮುಂಚೆ

ಕೋಲಾರದ ನರಸಾಪುರ, ವೇಮಗಲ್ ಕಡೆ ಕಂಪನಿಗಳಲ್ಲಿ ಯುರೋಪಿನವರಿಗೆ ಮೇಲ್ ಬರೆಯುವ, ಅವರು ಬಂದಾಗ ಗೇಟ್ ಪಾಸ್ ಮಾಡಿಸುವ ಕೆಲಸ ಇದ್ದವರಿಗೆ ಇದು. ಹೆಸರಿನ ಕೊನೆಗೆ ಬರುವುದೇ ಮನೆತನದ ಹೆಸರು ಅಂತ ಸುಮ್ನೆ ಅಂದುಕೊಳ್ಳಬೇಡಿ. ಮೊದಲು ಯಾವ ದೇಶದವರು ನೋಡಿ.

ನಮಗೆ ತುಂಬಾ ಹತ್ತಿರದವರು ಐಸ್‌ಲ್ಯಾಂಡಿನವರು. ನಮ್ಮ ಕಡೆ ಎಷ್ಟೋ ಜನರಿಗೆ ಮನೆತನದ ಹೆಸರೇ ಇರುವುದಿಲ್ಲ, ಊರಿನದೋ ಅಪ್ಪನದೋ ಇನಿಷಿಯಲ್ ಇರುತ್ತದೆ, ಅಲ್ವಾ? ಅಲ್ಲೂ ಹೆಚ್ಚಿನವರಿಗೆ ಅಪ್ಪನ ಹೆಸರೇ. ಯೋನ್ ಅವರ ಮಗ ಐನಾರ್ ಆದರೆ ಐನಾರ್ ಯೋನ್ಸನ್, ಮಗಳಿಗೆ ಯೋನ್ಸ್‌ದೋಟ್ಟಿರ್. ಹಾಗಾಗಿ 'ಮಿಸ್ಟರ್ ಯೋನ್ಸನ್' ಅನ್ನಬೇಡಿ, ಐನಾರ್ ಅನ್ನಿ, ಅದರಲ್ಲಿ ಅಗೌರವ ಏನೂ ಇಲ್ಲ. 1980ರಲ್ಲಿ ಅಧ್ಯಕ್ಷೆಯಾಗಿ ಆಯ್ಕೆಯಾದ ವಿಗ್ದಿಸ್ ಫಿನ್‌ಬೋಗದೋಟ್ಟಿರ್ ಅವರನ್ನೂ ಜನ ವಿಗ್ದಿಸ್ ಅಂತಲೇ ಕರೆದರು.

ಹಂಗೇರಿಯವರು ತಮ್ಮ ಭಾಷೆಯಲ್ಲಿ ಮನೆತನದ ಹೆಸರನ್ನು ಮುಂದೆ ಇಡುತ್ತಾರೆ: ಕೊವಾಚ್ ಯಾನೋಶ್. ಇಂಗ್ಲಿಷ್ ಮೇಲ್‌ನಲ್ಲಿ ಕೆಲವರು ತಿರುಗಿಸಿ ಬರೆಯುತ್ತಾರೆ. ಗೊಂದಲ ಆದರೆ ನೇರವಾಗಿ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಸ್ಪೇನಿನವರಿಗೆ ಸಾಮಾನ್ಯವಾಗಿ ಎರಡು ಮನೆತನದ ಹೆಸರು, ಮೊದಲು ಅಪ್ಪನದು, ಆಮೇಲೆ ಅಮ್ಮನದು. ಚಿತ್ರಕಾರ ಪಾಬ್ಲೋ ರೂಯಿಸ್ ಪಿಕಾಸೊ ಅವರ ಅಪ್ಪ ರೂಯಿಸ್, ಅಮ್ಮ ಪಿಕಾಸೊ. ಅವರೇನೋ ಅಮ್ಮನ ಹೆಸರಿನಿಂದ ಪ್ರಸಿದ್ಧರಾದರು, ಆದರೆ ಮೇಲ್‌ನಲ್ಲಿ ನೀವು ಬಳಸಬೇಕಾದ್ದು ಮೊದಲನೆಯದು, ಇಲ್ಲಾ ಎರಡೂ. ಪೋರ್ಚುಗಲ್‌ನಲ್ಲಿ ಇದು ಉಲ್ಟಾ, ಅಪ್ಪನದು ಸಾಮಾನ್ಯವಾಗಿ ಕೊನೆಗೆ.

ಜಾಸ್ತಿ ತಪ್ಪಾಗುವುದು ಹೆಂಗಸರ ಹೆಸರಿನಲ್ಲಿ. ರಷ್ಯನ್‌ನಲ್ಲಿ ಅಣ್ಣ ತೆರೆಷ್ಕೋವ್ ಆದರೆ ತಂಗಿ ತೆರೆಷ್ಕೋವಾ. 1963ರಲ್ಲಿ ಬಾಹ್ಯಾಕಾಶಕ್ಕೆ ಹೋದ ವ್ಯಾಲೆಂಟಿನಾ ವ್ಲಾದಿಮಿರೋವ್ನಾ ತೆರೆಷ್ಕೋವಾ ಅವರ ಹೆಸರಿನ ನಡುವೆ ಇರುವುದು ಅಪ್ಪ ವ್ಲಾದಿಮಿರ್. ಗೌರವದಿಂದ ಕರೆಯುವಾಗ ರಷ್ಯನ್ನರು ಮೊದಲೆರಡನ್ನು ಸೇರಿಸಿ ಹೇಳುತ್ತಾರೆ. ಜೆಕ್‌ನಲ್ಲಿ ಗಂಡ ನೊವಾಕ್, ಹೆಂಡತಿ ನೊವಾಕೊವಾ. 2022ರಿಂದ ಅಲ್ಲಿನ ಯಾವ ಹೆಂಗಸು ಬೇಕಾದರೂ 'ಓವಾ' ಇಲ್ಲದ ಹೆಸರು ಇಟ್ಟುಕೊಳ್ಳಬಹುದು. ಹಾಗಾಗಿ ಹೋಟೆಲ್ ಬುಕ್ ಮಾಡುವಾಗ ಗಂಡ ಹೆಂಡತಿ ಹೆಸರು ಹೊಂದುತ್ತಿಲ್ಲ ಅಂತ ನೀವೇ ತಿದ್ದಬೇಡಿ, ದಯವಿಟ್ಟು. ಅವರು ಬರೆದದ್ದೇ ಸರಿ.

ಅಕ್ಷರದ ಮೇಲಿನ ಚುಕ್ಕೆಗಳನ್ನೂ ಬಿಡಬೇಡಿ, ಅವರ ಸಹಿಯಿಂದಲೇ ಕಾಪಿ ಮಾಡಿ. ಜರ್ಮನ್ ಹೆಸರಿನ 'ಯು' (u) ಮೇಲೆ ಎರಡು ಚುಕ್ಕೆ ಇದ್ದು ಅದು ಟೈಪ್ ಆಗದಿದ್ದರೆ 'ಯು' ಪಕ್ಕ 'ಇ' (e) ಸೇರಿಸಿ. ವಿಮಾನದ ಟಿಕೆಟ್‌ಗೆ ಮಾತ್ರ ಪಾಸ್‌ಪೋರ್ಟಿನ ಫೋಟೊ ಪುಟದಲ್ಲಿ ಕೆಳಗಿನ ಎರಡು ಸಾಲು ನೋಡಿ, ಅಲ್ಲಿರುವ ಅಕ್ಷರಗಳನ್ನೇ ಹಾಕಿ.