ಇನ್ಸ್‌ಪೆಕ್ಟರ್ ಬರುವ ಮೊದಲು ಮಂಡಿಯೂರಿ ಮನೆ ನೋಡಿ

ಅತ್ತೆಯ ವ್ಯಾನಿಟಿ ಬ್ಯಾಗು ಊಟದ ಮೇಜಿನ ಕುರ್ಚಿಗೆ ನೇತುಬಿದ್ದಿತ್ತು. ಜಿಪ್ ಅರ್ಧ ತೆರೆದಿತ್ತು. ನಮ್ಮ ಮನೆಯಲ್ಲಿ ಬೇರೆಯವರ ಮಕ್ಕಳನ್ನು ನೋಡಿಕೊಳ್ಳಲು ನಾನು ಅರ್ಜಿ ಹಾಕಿದ್ದೆ. ಅದಕ್ಕಾಗಿ ಆಫ್‌ಸ್ಟೆಡ್‌ನಿಂದ, ಅಂದರೆ ಇಂಗ್ಲೆಂಡಿನ ಶಾಲೆ, ಶಿಶುಪಾಲನೆಯ ತಪಾಸಣಾ ಇಲಾಖೆಯಿಂದ ಬಂದಿದ್ದ ಇನ್ಸ್‌ಪೆಕ್ಟರ್ ಮೆಟ್ಟಿಲ ಗೇಟು ಅಲುಗಾಡಿಸಿ ನೋಡಿದರು, ಸ್ಮೋಕ್ ಅಲಾರಂ ಒತ್ತಿಸಿ ಕೇಳಿದರು, ಫ್ರಿಜ್ ತೆಗೆಸಿದರು. ಕೊನೆಗೆ ಆ ಕುರ್ಚಿಯ ಮುಂದೆ ನಿಂತು, "ಈ ಬ್ಯಾಗ್ ಯಾರದ್ದು?" ಅಂದರು. ಒಳಗಿದ್ದದ್ದು ಬಿಪಿ ಮಾತ್ರೆ, ಶುಗರ್ ಮಾತ್ರೆ, ಒಂದು ಪೊಟ್ಟಣ ಅಡಿಕೆ, ಒಂದು ಡಬ್ಬಿ ನೋವಿನ ಮುಲಾಮು. ಎರಡು ತಿಂಗಳು ತಯಾರಿ ಮಾಡಿದ್ದ ನನ್ನ ಕಣ್ಣಿಗೆ ಅದೊಂದೇ ಬಿದ್ದಿರಲಿಲ್ಲ.

ಇಂಗ್ಲೆಂಡಿನಲ್ಲಿ ಎಂಟು ವರ್ಷದೊಳಗಿನ ಬೇರೆಯವರ ಮಕ್ಕಳನ್ನು ನಿಮ್ಮ ಮನೆಯಲ್ಲಿ ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ಹೊತ್ತು, ದುಡ್ಡು ತೆಗೆದುಕೊಂಡು ನೋಡಿಕೊಳ್ಳುವುದಾದರೆ ಚೈಲ್ಡ್‌ಮೈಂಡರ್ ಆಗಿ ನೋಂದಾಯಿಸಲೇಬೇಕು. ನೇರವಾಗಿ ಆಫ್‌ಸ್ಟೆಡ್‌ಗೆ ಅರ್ಜಿ ಹಾಕಬಹುದು, ಇಲ್ಲವೇ ಚೈಲ್ಡ್‌ಮೈಂಡರ್ ಏಜೆನ್ಸಿಯ ಮೂಲಕ ಹೋಗಬಹುದು. ನಾನು ನೇರ ದಾರಿ ಹಿಡಿದೆ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ಇಲಾಖೆಯೂ ಬೇರೆ, ನಿಯಮವೂ ಬೇರೆ. ಇಲ್ಲಿ ಹೇಳುತ್ತಿರುವುದು ಇಂಗ್ಲೆಂಡಿನದ್ದು ಮಾತ್ರ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅವರು ಮನೆ ಎಷ್ಟು ಚೆಂದ ಇದೆ ಅಂತ ನೋಡಲು ಬರುವುದಿಲ್ಲ. ಈ ಮನೆಯಲ್ಲಿ ಮಗುವಿಗೆ ಎಲ್ಲೆಲ್ಲಿ ಏಟಾಗಬಹುದು ಅಂತ ನೀವು ಯೋಚಿಸಿದ್ದೀರಾ, ಅದನ್ನು ನೋಡುತ್ತಾರೆ. ಹೊಸ ಸೋಫಾ ಕೊಳ್ಳುವ ಅಗತ್ಯವಿಲ್ಲ.

ಕಾಗದಪತ್ರ ಮೊದಲು

ತಡವಾಗುವುದೆಲ್ಲ ಇಲ್ಲೇ. ಮಕ್ಕಳ ಪ್ರಥಮ ಚಿಕಿತ್ಸೆಯ ಕೋರ್ಸ್ ಕನಿಷ್ಠ 12 ಗಂಟೆಯದ್ದಾಗಿರಬೇಕು, ಮೂರು ವರ್ಷಕ್ಕೊಮ್ಮೆ ಮತ್ತೆ ಮಾಡಬೇಕು. ನಿಮ್ಮ ಆರೋಗ್ಯದ ಫಾರಂ ತುಂಬಿ ಕೊಡಬೇಕು. ನಿಮಗೂ, ಮನೆಯಲ್ಲಿ ವಾಸಿಸುವ 16 ವರ್ಷ ಮೇಲ್ಪಟ್ಟ ಪ್ರತಿಯೊಬ್ಬರಿಗೂ ಡಿಬಿಎಸ್ ತಪಾಸಣೆ, ಅಂದರೆ ಅಪರಾಧ ದಾಖಲೆಯ ತಪಾಸಣೆ ಆಗಬೇಕು. ಕಾಲೇಜಿಗೆ ಹೋಗುವ ಮಗನನ್ನು ಮರೆಯಬೇಡಿ.

ಭಾರತದಿಂದ ಇತ್ತೀಚೆಗೆ ಬಂದವರಾದರೆ ಅಲ್ಲಿನ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೂಡ ಕೇಳಬಹುದು. ಅದಕ್ಕೆ ಓಡಾಟ ಬೇಕು, ಬೇಗ ಶುರು ಮಾಡಿ. ವೀಸಾದಲ್ಲಿ ಸ್ವಂತ ಉದ್ಯೋಗ ಮಾಡಲು ಅವಕಾಶ ಇದೆಯಾ ಅಂತಲೂ ಇದೇ ಹೊತ್ತಿಗೆ ನೋಡಿಕೊಳ್ಳಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಪಬ್ಲಿಕ್ ಲಯಬಿಲಿಟಿ ವಿಮೆ ಮಕ್ಕಳು ಬರುವ ಮೊದಲೇ ಕೈಯಲ್ಲಿರಬೇಕು.

ಊರಿನಿಂದ ಅಪ್ಪ-ಅಮ್ಮ, ಅತ್ತೆ-ಮಾವ ಬಂದು ಆರು ತಿಂಗಳು ಇರುವುದು ನಮ್ಮ ಮನೆಗಳಲ್ಲಿ ಮಾಮೂಲು, ಅಲ್ವಾ? ಅವರನ್ನು ಅತಿಥಿ ಅಂತ ಲೆಕ್ಕ ಹಾಕುತ್ತಾರಾ, ಮನೆಯವರು ಅಂತಲಾ ಎಂದು ಅರ್ಜಿ ಹಾಕುವಾಗಲೇ ಕೇಳಿ. ಏನೇ ಇರಲಿ, ತಪಾಸಣೆ ಆಗದವರ ಜೊತೆ ಮಕ್ಕಳನ್ನು ಒಂಟಿಯಾಗಿ ಬಿಡುವಂತಿಲ್ಲ. "ಅತ್ತೆ, ಐದು ನಿಮಿಷ ಪಾಪು ನೋಡ್ಕೊಳ್ಳಿ, ಸ್ನಾನ ಮುಗಿಸಿ ಬರ್ತೀನಿ" ಅನ್ನುವಂತಿಲ್ಲ. ಆರು ಮಕ್ಕಳನ್ನು ಹೆತ್ತು ಸಾಕಿದ ಹೆಂಗಸಿಗೆ ಇದನ್ನು ಹೇಳುವುದು ಎಷ್ಟು ಕಷ್ಟ ಅಂತ ಹೇಳಿದವರಿಗೇ ಗೊತ್ತು.

ಎಷ್ಟು ಮಕ್ಕಳು, ಎಷ್ಟು ಜಾಗ

ಒಬ್ಬ ಚೈಲ್ಡ್‌ಮೈಂಡರ್ ಎಂಟು ವರ್ಷದೊಳಗಿನ ಆರು ಮಕ್ಕಳನ್ನು ನೋಡಿಕೊಳ್ಳಬಹುದು. ಅದರಲ್ಲಿ ಐದು ತುಂಬಿದ ಮೇಲಿನ ಸೆಪ್ಟೆಂಬರ್ 1 ಇನ್ನೂ ದಾಟದ ಚಿಕ್ಕವರು ಸಾಮಾನ್ಯವಾಗಿ ಮೂವರು, ಅವರಲ್ಲಿ ವರ್ಷ ತುಂಬದ ಕೂಸು ಒಂದೇ. ನಿಮ್ಮ ಸ್ವಂತ ಮಕ್ಕಳೂ ಈ ಲೆಕ್ಕದಲ್ಲೇ ಸೇರುತ್ತಾರೆ. ಇದನ್ನು ಮರೆತು ಫೀಸಿನ ಲೆಕ್ಕ ಹಾಕಿಕೊಂಡು ಆಮೇಲೆ ಪೆಚ್ಚಾದವರಿದ್ದಾರೆ.

ಟೇಪ್ ಹಿಡಿದು ಕೋಣೆ ಅಳೆಯಿರಿ. ಎರಡು ವರ್ಷದೊಳಗಿನ ಮಗುವಿಗೆ 3.5 ಚದರ ಮೀಟರ್, ಎರಡು ವರ್ಷದ ಮಗುವಿಗೆ 2.5, ಮೂರರಿಂದ ಐದರವರಿಗೆ 2.3. ಅಂದರೆ ಒಂದು ಕೂಸು, ಎರಡು ವರ್ಷದ ಒಂದು ಮಗು, ನಾಲ್ಕರ ಒಂದು ಮಗು ಸೇರಿ 8.3 ಚದರ ಮೀಟರ್ ಸಾಕು. ಅಡುಗೆಮನೆ, ಟಾಯ್ಲೆಟ್, ಓಡಾಡುವ ಹಾದಿ ಲೆಕ್ಕಕ್ಕಿಲ್ಲ. ಸಾಧಾರಣ ಲಿವಿಂಗ್ ರೂಮಿನಲ್ಲೇ ಇದು ಹಿಡಿಸುತ್ತದೆ, ಗಾಬರಿ ಬೇಡ.

ಈಗ ಮಂಡಿಯೂರಿ

ಇಡೀ ತಯಾರಿಯಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ. ಒಂದು ಭಾನುವಾರ ಬೆಳಿಗ್ಗೆ ಮುಂಬಾಗಿಲಿನಿಂದ ಶುರು ಮಾಡಿ ಅಂಬೆಗಾಲಿನಲ್ಲಿ ಮನೆ ಸುತ್ತಿದೆ. ಗಂಡ ನಕ್ಕರು. ನಗಲಿ. ಸೋಫಾ ಕೆಳಗೆ ಸಿಕ್ಕಿದ್ದು: ಎರಡು ಸೀರೆ ಪಿನ್ನು, ಒಂದು ಹಿಡಿ ಕಡಲೆಬೀಜ, ಹಣೆಬೊಟ್ಟಿನ ಹಾಳೆ, ಯಾವುದೋ ಹಳೆಯ ರಿಮೋಟಿನ ಬಟನ್ ಸೆಲ್. ಆ ಸೆಲ್ ನೋಡಿ ನಿಜಕ್ಕೂ ಬೆವರಿದೆ. ಮಗು ಅದನ್ನು ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳ ಸುಟ್ಟುಹೋಗಬಹುದು. ರಿಮೋಟು, ಹಾಡುವ ಗ್ರೀಟಿಂಗ್ ಕಾರ್ಡು, ಎಲೆಕ್ಟ್ರಿಕ್ ದೀಪ ಎಲ್ಲದರ ಹಿಂಭಾಗ ತಿರುಗಿಸಿ ನೋಡಿ. ಸ್ಕ್ರೂ ಇರಬೇಕು.

ನೆಲದಿಂದ ನೋಡಿದರೆ ಮನೆಯೇ ಬೇರೆ. ಕಿಟಕಿಯ ಬ್ಲೈಂಡಿನ ದಾರ ಕುತ್ತಿಗೆಯ ಮಟ್ಟಕ್ಕೇ ಇರುತ್ತದೆ. ಅದನ್ನು ಬಿಗಿಯಾಗಿ ಸುತ್ತಿ ನೆಲದಿಂದ 1.5 ಮೀಟರಿಗಿಂತ ಎತ್ತರದಲ್ಲಿ ಕಟ್ಟಿಡಿ. ಟಿವಿ ಸ್ಟ್ಯಾಂಡು, ಪುಸ್ತಕದ ಬೀರು ಹಿಡಿದು ಎದ್ದು ನಿಲ್ಲಲು ನೋಡಿ. ಅಲುಗಾಡಿದರೆ ಗೋಡೆಗೆ ಸ್ಕ್ರೂ ಹಾಕಿಸಿ. ಮೆಟ್ಟಿಲಿಗೆ ಮೇಲೂ ಕೆಳಗೂ ಗೇಟು ಬೇಕು. ಮೇಲಿನದ್ದು ಮಾತ್ರ ಗೋಡೆಗೆ ಸ್ಕ್ರೂ ಮಾಡಿದ್ದೇ ಆಗಿರಲಿ. ಒತ್ತಿ ನಿಲ್ಲಿಸುವ ಗೇಟಿಗೆ ಕೆಳಗೊಂದು ಪಟ್ಟಿ ಇರುತ್ತದೆ, ಮಗುವನ್ನು ಎತ್ತಿಕೊಂಡ ನೀವೇ ಎಡವಿ ಬೀಳುತ್ತೀರಿ.

ಮಹಡಿಯ ಕೋಣೆಗಳನ್ನು ಮಕ್ಕಳಿಗೆ ಬಳಸುವುದಿಲ್ಲವಾದರೆ ಹಾಗೇ ಹೇಳಿ, ಗೇಟು ಹಾಕಿ. ಆದರೂ ಇನ್ಸ್‌ಪೆಕ್ಟರ್ ನೋಡಬೇಕು ಅನ್ನಬಹುದು. ಬೇಡದ್ದನ್ನೆಲ್ಲ ಅಲ್ಲಿಗೆ ತುರುಕುವ ಉಪಾಯ ನಡೆಯುವುದಿಲ್ಲ.

ನಮ್ಮ ಮನೆಗಳಲ್ಲೇ ಇರುವಂಥದ್ದು

ಯಾವ ಇಂಗ್ಲಿಷ್ ಚೆಕ್‌ಲಿಸ್ಟಿನಲ್ಲೂ ನಾನು ಇದನ್ನು ನೋಡಲಿಲ್ಲ. ರೇಷ್ಮೆ ಸೀರೆಯ ಮಡಿಕೆಯಲ್ಲಿರುವ ನುಸಿಗುಳಿಗೆ. ಊರಿನಿಂದ ಬಂದ ಪೆಟ್ಟಿಗೆಯ ಮೂಲೆಯಲ್ಲೂ ಒಂದೆರಡು ಇರುತ್ತದೆ. ಬೆಳ್ಳಗೆ, ಉಂಡೆಯಾಗಿ, ಪೆಪ್ಪರಮೆಂಟಿನ ಹಾಗೇ ಕಾಣುತ್ತದೆ. ನ್ಯಾಫ್ತಲೀನ್ ಮಗುವಿನ ರಕ್ತಕ್ಕೇ ಹಾನಿ ಮಾಡಬಲ್ಲದು. ತೆಗೆದು ಎಸೆಯಿರಿ, ಸೀರೆಗೆ ಬೇರೆ ದಾರಿ ಹುಡುಕಿ.

ದೇವರ ಗೂಡಿನದ್ದು ಇನ್ನೊಂದು ಕಥೆ. ನಮ್ಮದು ಮೊದಲು ಹಾಲ್‌ನಲ್ಲಿ, ಸೊಂಟದೆತ್ತರದ ಕಪಾಟಿನ ಮೇಲಿತ್ತು. ದೀಪ, ಬೆಂಕಿಪೊಟ್ಟಣ, ಊದುಬತ್ತಿ, ಡಬ್ಬಿ ತುಂಬ ಕರ್ಪೂರ. ಕರ್ಪೂರ ಸ್ವಲ್ಪ ಹೊಟ್ಟೆಗೆ ಹೋದರೂ ಚಿಕ್ಕ ಮಕ್ಕಳಿಗೆ ಫಿಟ್ಸ್ ಬರಬಹುದು. ಪೂಜೆ ಬಿಡಬೇಕಾ ಅಂತ ಅತ್ತೆಗೆ ಆತಂಕ. ಬಿಡಬೇಕಿಲ್ಲ. ಗೂಡನ್ನು ಮೇಲಿನ ಕೋಣೆಗೆ ಸಾಗಿಸಿದೆವು. ಮಕ್ಕಳು ಬರುವ ಮೊದಲು ದೀಪ ಹಚ್ಚಿ ಆರಿಸುತ್ತೇವೆ, ಅವರೆಲ್ಲ ಹೋದ ಮೇಲೆ ಮತ್ತೆ ಹಚ್ಚುತ್ತೇವೆ. ಇನ್ಸ್‌ಪೆಕ್ಟರ್ ಕೇಳಿದಾಗ ಇಷ್ಟೇ ಹೇಳಿದೆ. ತಲೆಯಾಡಿಸಿ ಬರೆದುಕೊಂಡರು.

ಅಡುಗೆಮನೆ, ಊಟ, ನಿದ್ದೆ

ಅಡುಗೆಮನೆ ಬಾಗಿಲಿಗೊಂದು ಗೇಟು ಹಾಕಿ. ಸಿಂಕ್ ಕೆಳಗಿನ ಕಪಾಟಿಗೆ ಬೀಗ. ಪಾತ್ರೆ ತೊಳೆಯುವ ಯಂತ್ರದ ಗುಳಿಗೆ, ಬ್ಲೀಚು ಎಲ್ಲ ಮೇಲಕ್ಕೆ. ಕುಕ್ಕರ್ ಹಿಂದಿನ ಒಲೆಯ ಮೇಲೆ, ಹಿಡಿ ಗೋಡೆಯ ಕಡೆಗೆ. ಸ್ಟೀಲ್ ಲೋಟದಲ್ಲಿ ಕಾಫಿ ಹಿಡಿದು ಮಗುವಿನ ಪಕ್ಕ ಕೂರುವ ಅಭ್ಯಾಸ ಬಿಟ್ಟುಬಿಡಿ. ಮಾಡಿ 15 ನಿಮಿಷ ಆದ ಮೇಲೂ ಬಿಸಿ ಪಾನೀಯ ಮಗುವಿನ ಚರ್ಮ ಸುಡಬಲ್ಲದು. ಫ್ರಿಜ್ಜಿನೊಳಗೊಂದು ಥರ್ಮಾಮೀಟರ್ ಇಡಿ. 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಲಿ.

ಅಲರ್ಜಿಯ ವಿಷಯದಲ್ಲಿ ನಮ್ಮ ಅಡುಗೆ ಸ್ವಲ್ಪ ಮೋಸ ಮಾಡುತ್ತದೆ. ಬ್ರಿಟನ್ನಿನಲ್ಲಿ ತಿಳಿಸಲೇಬೇಕಾದ ಅಲರ್ಜಿ ಪದಾರ್ಥಗಳು 14. ಅದರಲ್ಲಿ ಸಾಸಿವೆಯೂ ಇದೆ, ಎಳ್ಳೂ ಇದೆ, ಕಡಲೆಬೀಜವೂ ಇದೆ. ನಮ್ಮ ಯಾವ ಒಗ್ಗರಣೆಯಲ್ಲಿ ಸಾಸಿವೆ ಇಲ್ಲ ಹೇಳಿ? ಅಂಗಡಿಯ ಇಂಗಿನ ಡಬ್ಬಿ ತಿರುಗಿಸಿ ಓದಿ, ಬಹಳಷ್ಟರಲ್ಲಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಗ್ಲುಟೆನ್ ಆಗದ ಮಗುವಿಗೆ "ಬರೀ ಅನ್ನ ತಿಳಿಸಾರು ತಾನೇ" ಅಂದುಕೊಂಡರೆ ಕೆಟ್ಟೆವು. ಒಂದು ವರ್ಷದೊಳಗೆ ಜೇನು ಬೇಡ. ಐದರೊಳಗೆ ಇಡೀ ಗೋಡಂಬಿ, ಬಾದಾಮಿ, ಕಡಲೆಬೀಜ ಬೇಡ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ನಾಲ್ಕು ಹೋಳು ಮಾಡಿ. ಮಕ್ಕಳು ತಿನ್ನುವಷ್ಟು ಹೊತ್ತೂ ಅವರು ನಿಮ್ಮ ಕಣ್ಣಿಗೆ ಕಾಣಬೇಕು, ಕಿವಿಗೆ ಕೇಳಬೇಕು. ಎದುರಿಗೇ ಕೂತರೆ ಇನ್ನೂ ಒಳ್ಳೆಯದು. ಗಂಟಲಿಗೆ ಸಿಕ್ಕಿಕೊಂಡ ಮಗು ಕೂಗುವುದಿಲ್ಲ.

ಮಲಗಿಸಲು ಗಟ್ಟಿಯಾದ, ಚಪ್ಪಟೆ ಹಾಸಿಗೆಯ ಕಾಟ್ ಬೇಕು. ಸೀರೆ ಜೋಲಿ ನಡೆಯುವುದಿಲ್ಲ, ಸಾಸಿವೆ ದಿಂಬೂ ನಡೆಯುವುದಿಲ್ಲ. ಕೂಸನ್ನು ಅಂಗಾತ ಮಲಗಿಸಿ, ಪಾದ ಕಾಟಿನ ಕೊನೆಗೆ ತಾಗುವ ಹಾಗೆ. ಕೋಣೆಯ ಬಿಸಿ 16ರಿಂದ 20 ಡಿಗ್ರಿ. ನಮಗೆ ಇದು ಚಳಿ ಅನ್ನಿಸುತ್ತದೆ, ಮಗುವಿಗೆ ಟೋಪಿ ಹಾಕಬೇಕು ಅಂತ ಕೈ ತುರಿಸುತ್ತದೆ. ಹಾಕಬೇಡಿ.

ಹಿತ್ತಲು ಇಲ್ಲದಿದ್ದರೂ ನಡೆಯುತ್ತದೆ. ದಿನವೂ ಪಾರ್ಕಿಗೆ ಕರೆದುಕೊಂಡು ಹೋಗುತ್ತೇನೆ ಅಂದರೆ ಸಾಕು, ಯಾವ ಪಾರ್ಕು, ಯಾವ ದಾರಿ ಅಂತ ಹೇಳಲು ಬರಬೇಕು. ಹಿತ್ತಲಿದ್ದರೆ ಬೇಲಿ ಸಂದು, ಕೊಳ, ಬಕೆಟ್ಟಿನಲ್ಲಿ ನಿಂತ ನೀರು, ವಿಷದ ಗಿಡ ನೋಡಿ. ಪೂಜೆಗೆ ಅಂತ ಕುಂಡದಲ್ಲಿ ಕಣಗಿಲೆ ಬೆಳೆಸಿದ್ದರೆ ಅದನ್ನು ಯಾರಿಗಾದರೂ ಕೊಟ್ಟುಬಿಡಿ.

ಬೆಂಕಿ ಬಿದ್ದರೆ?

ಸ್ಮೋಕ್ ಅಲಾರಂ, ಕಾರ್ಬನ್ ಮಾನಾಕ್ಸೈಡ್ ಅಲಾರಂ, ಅಡುಗೆಮನೆಯಲ್ಲಿ ಫೈರ್ ಬ್ಲ್ಯಾಂಕೆಟ್. ಇವನ್ನು ಕೊಳ್ಳುವುದು ಸುಲಭ. ಉತ್ತರ ಹೇಳುವುದು ಕಷ್ಟ. ನನ್ನನ್ನು ಕೇಳಿದ್ದು ಹೀಗೆ: "ಮುಂಬಾಗಿಲ ಕಡೆ ಹೊಗೆ ಇದೆ. ಮೂವರು ಮಕ್ಕಳಿದ್ದಾರೆ, ಒಬ್ಬರು ನಿದ್ದೆಯಲ್ಲಿ. ಏನು ಮಾಡುತ್ತೀರಿ?" ಹಿಂಬಾಗಿಲ ಕೀಲಿ ಎಲ್ಲಿದೆ ಅಂತ ಕೈ ತೋರಿಸಲು ಆಗಬೇಕು. ಹಿಂದಿನ ವಾರ ಮಗಳನ್ನೂ ಎರಡು ಗೊಂಬೆಗಳನ್ನೂ ಇಟ್ಟುಕೊಂಡು ನಾಲ್ಕು ಸಲ ಹೊರಗೋಡುವ ಅಭ್ಯಾಸ ಮಾಡಿದ್ದೆ, ಬಾಯಿಗೆ ಉತ್ತರ ತಾನಾಗಿ ಬಂತು.

ಮಾತುಕತೆಯೇ ದೊಡ್ಡದು

ಮನೆ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಕೂತು ಮಾತಾಡಿದ್ದೇ ಆಯಿತು. ಐದು ವರ್ಷದೊಳಗಿನವರ ಕಲಿಕೆ ಮತ್ತು ಆರೈಕೆಗೆ ಇಲ್ಲಿ ಇವೈಎಫ್‌ಎಸ್ ಅನ್ನುವ ಚೌಕಟ್ಟಿದೆ. 2024ರ ಜನವರಿಯಿಂದ ಚೈಲ್ಡ್‌ಮೈಂಡರ್‌ಗಳಿಗೆ ಅಂತಲೇ ಅದರ ಪ್ರತ್ಯೇಕ ಆವೃತ್ತಿ ಬಂದಿದೆ. ಪೂರ್ತಿ ಓದಿ, ಪೆನ್ಸಿಲ್ಲಿನಲ್ಲಿ ಗೀಟು ಹಾಕಿ. ಅದರ ಏಳು ಕಲಿಕೆಯ ಕ್ಷೇತ್ರಗಳನ್ನು ಬಾಯಿಪಾಠ ಒಪ್ಪಿಸಿದರೆ ಪ್ರಯೋಜನವಿಲ್ಲ. "ಎರಡು ವರ್ಷದ ಮಗು ಇನ್ನೂ ಜಾಸ್ತಿ ಮಾತಾಡುತ್ತಿಲ್ಲ, ನೀವೇನು ಮಾಡುತ್ತೀರಿ?" ಅಂತ ಕೇಳುತ್ತಾರೆ. ನಾನು ಬಟಾಣಿ ಸುಲಿಯುತ್ತಾ ಒಂದು, ಎರಡು ಎಣಿಸುವುದನ್ನು ಹೇಳಿದೆ. ಮನೆಮಾತು ಬೇರೆ ಇರುವ ಮಗುವಿಗೆ ಆ ಭಾಷೆಯಲ್ಲೂ ಆಡಲು ಅವಕಾಶ ಕೊಡಬೇಕು ಅಂತ ಚೌಕಟ್ಟಿನಲ್ಲೇ ಇದೆ. ಹಾಗಾಗಿ ಕನ್ನಡದ ಚಿತ್ರಪುಸ್ತಕಗಳನ್ನು ಅಡಗಿಸಿಡಬೇಡಿ, ಮುಂದೆಯೇ ಇಡಿ.

ಮಕ್ಕಳ ರಕ್ಷಣೆಯ ಪ್ರಶ್ನೆಗಳಲ್ಲಿ ನಾವು ಎಡವುತ್ತೇವೆ. ಇನ್ನೂ ಮಗುಚದ ಐದು ತಿಂಗಳ ಕೂಸಿನ ಮೈಮೇಲೆ ಕಂದಿದ ಗುರುತು ಕಂಡರೆ? "ಮೊದಲು ತಾಯಿಯ ಹತ್ತಿರ ಮೆತ್ತಗೆ ಮಾತಾಡಿ ನೋಡುತ್ತೇನೆ" ಅಂತ ಬಾಯಿಗೆ ಬರುತ್ತದೆ. ಅಷ್ಟಕ್ಕೇ ನಿಲ್ಲುವಂತಿಲ್ಲ. ಕಂಡದ್ದನ್ನು ಕಂಡ ಹಾಗೇ, ತಾರೀಕು, ಗಂಟೆ ಹಾಕಿ ಬರೆದಿಟ್ಟು ನಿಮ್ಮ ಕೌನ್ಸಿಲ್‌ನ ಮಕ್ಕಳ ಸೇವಾ ವಿಭಾಗಕ್ಕೆ ತಡ ಮಾಡದೆ ಫೋನ್ ಮಾಡಬೇಕು. ಆ ನಂಬರ್ ಫೋನಿನಲ್ಲಿ ಮಾತ್ರವಲ್ಲ, ಗೋಡೆಯ ಮೇಲೂ ಇರಲಿ. ಇನ್ನೂ ಕಷ್ಟದ ಪ್ರಶ್ನೆ: ನಿಮ್ಮ ಗಂಡನ ಮೇಲೇ ದೂರು ಬಂದರೆ? ಮನೆ ಮಾತು ಹೊರಗೆ ಹೋಗಬಾರದು ಅಂತ ಬೆಳೆದವರು ನಾವು. ಇಲ್ಲಿ ಹೋಗಲೇಬೇಕು. ಇಂಥ ದೂರುಗಳಿಗೆಂದೇ ಕೌನ್ಸಿಲ್‌ನಲ್ಲಿ ಲಾಡೋ ಅನ್ನುವ ಅಧಿಕಾರಿ ಇರುತ್ತಾರೆ. ಅವರಿಗೆ ತಿಳಿಸಬೇಕು, ಆಫ್‌ಸ್ಟೆಡ್‌ಗೂ ಆದಷ್ಟು ಬೇಗ, ತಡವೆಂದರೆ 14 ದಿನದೊಳಗೆ ಹೇಳಬೇಕು. ಈ ಉತ್ತರವನ್ನು ಗಂಡನ ಎದುರಿಗೇ ಒಮ್ಮೆ ಹೇಳಿ ಅಭ್ಯಾಸ ಮಾಡಿ. ಅವರಿಗೂ ಗೊತ್ತಿರಲಿ.

ಆ ದಿನ

ಪಾಸ್‌ಪೋರ್ಟ್, ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್, ಡಿಬಿಎಸ್, ಹಾಜರಿ ಪುಸ್ತಕ, ಅಪಘಾತದ ಪುಸ್ತಕ, ಔಷಧಿಗೆ ಪೋಷಕರ ಒಪ್ಪಿಗೆ ಫಾರಂ ಎಲ್ಲ ಒಂದೇ ಫೈಲಿನಲ್ಲಿ ಇಡಿ. ತುರ್ತು ಸಂಪರ್ಕಕ್ಕೆ ಪ್ರತಿ ಮಗುವಿಗೂ ಎರಡಕ್ಕಿಂತ ಹೆಚ್ಚು ನಂಬರ್ ಬರೆಯಲು ಫಾರಂನಲ್ಲಿ ಜಾಗ ಬಿಡಿ. ಇನ್ಸ್‌ಪೆಕ್ಟರ್ ಬಂದಾಗ ಮೊದಲು ಅವರ ಗುರುತಿನ ಚೀಟಿ ಕೇಳಿ, ಆಮೇಲೆ ಬಾಗಿಲು ತೆಗೆಯಿರಿ. ಅವರು ಅದನ್ನೂ ಗಮನಿಸುತ್ತಾರೆ. ನಾನು ಕೇಸರಿಭಾತ್ ಮಾಡಿಟ್ಟಿದ್ದೆ. ಅವರು ನೀರು ಮಾತ್ರ ಕುಡಿದರು.

ಬ್ಯಾಗಿನ ಮುಂದೆ ನಿಂತಾಗ ನಾನು ಸಮಜಾಯಿಷಿ ಹೇಳಲು ಹೋಗಲಿಲ್ಲ. "ಅತ್ತೆಯದ್ದು, ಮಾತ್ರೆ ಇದೆ, ನಾನು ನೋಡಬೇಕಿತ್ತು" ಅಂದೆ. "ಈಗ ಏನು ಮಾಡುತ್ತೀರಿ?" ಅಂತ ಕೇಳಿದರು. ಬ್ಯಾಗನ್ನು ಮಹಡಿಗೆ ಒಯ್ದು, ಅತ್ತೆಯ ಕೋಣೆಯ ಬೀರುವಿನೊಳಗಿಟ್ಟು, ಕೀಲಿ ಹಾಕಿ ಬಂದೆ. ಬಂದವರೆಲ್ಲರ ಬ್ಯಾಗು, ಕೋಟು ತೂಗುಹಾಕಲು ಬಾಗಿಲ ಹಿಂದೆ ಎತ್ತರದಲ್ಲಿ ಒಂದು ಕೊಕ್ಕೆ ಹಾಕಿಸುತ್ತೇನೆ ಅಂದೆ. ಅದನ್ನೂ ಬರೆದುಕೊಂಡರು.

ನೋಂದಣಿ ಪತ್ರ ಬಂದ ಮೇಲೆ ಅದನ್ನು ಮನೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ನಮ್ಮ ಮನೆಯಲ್ಲಿ ಅದು ಆ ಕೊಕ್ಕೆಯ ಪಕ್ಕದಲ್ಲೇ ಇದೆ. ಕೊಕ್ಕೆ ಅತ್ತೆಗೆ ಎಟುಕುವುದಿಲ್ಲ, ದಿನಾ ಬ್ಯಾಗು ಇಳಿಸಿಕೊಡುವುದು ನನ್ನ ಕೆಲಸ.