ಯಜಮಾನ್ರ ತಲೆಯಲ್ಲಿದ್ದ ನಕ್ಷೆ

ರಾತ್ರಿ ಹನ್ನೊಂದೂವರೆಗೆ ಎರಡನೇ ಮಹಡಿಯ ಫಾಲ್ಸ್ ಸೀಲಿಂಗ್ ತೊಟ್ಟಿಕ್ಕತೊಡಗಿತು. ನಾನು ಮೈಸೂರಿನ ಒಂದು ಆಸ್ಪತ್ರೆಯ ಮೇಂಟೆನೆನ್ಸ್ ಎಂಜಿನಿಯರ್. ಯಾವ ವಾಲ್ವ್ ಮುಚ್ಚಿದರೆ ಆ ಲೈನ್ ನಿಲ್ಲುತ್ತದೆಂದು ಡ್ಯೂಟಿಯಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಹಿರಿಯ ಪ್ಲಂಬರ್ ನಿವೃತ್ತರಾಗಿ ಶ್ರೀರಂಗಪಟ್ಟಣದ ಕಡೆ ತಮ್ಮ ಊರು ಸೇರಿದ್ದರು. ಕೊನೆಗೆ ತಾರಸಿ ಟ್ಯಾಂಕಿನ ಮೇನ್ ವಾಲ್ವನ್ನೇ ಮುಚ್ಚಿದೆವು. ಬೆಳಗಿನ ಡಯಾಲಿಸಿಸ್ ತಡವಾಯಿತು. ಒಬ್ಬ ರೋಗಿಗೆ ನಿಮಿಷಕ್ಕೆ 500 ಮಿಲಿಲೀಟರಿನಂತೆ 4 ಗಂಟೆಗೆ 120 ಲೀಟರ್ ದ್ರಾವಣ ಹರಿಯಬೇಕು. ನೀರಿಲ್ಲದೆ, ಅದನ್ನು ಶುದ್ಧ ಮಾಡುವ ಆರ್‌ಒ ಯಂತ್ರ ಏನು ಮಾಡೀತು? ಬೆಂಚಿನ ಮೇಲೆ ಕಾದು ಕೂತವರನ್ನು ನೋಡಿ ಹೊಟ್ಟೆ ಕಿವುಚಿದಂತಾಯಿತು.

ಬಿಮ್ (ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್) ಮಾಡೆಲ್ ಮಾಡಲು ಅಂದೇ ನಿರ್ಧರಿಸಿದೆ. ಇದು ಕಟ್ಟಡದ ಬರೀ 3ಡಿ ಚಿತ್ರವಾಗಿರುವುದಿಲ್ಲ, ಒಂದೊಂದು ಪೈಪು, ಪಂಪಿನ ಜೊತೆಗೂ ಅದರ ವಿವರ ಸೇರಿರುತ್ತದೆ. ಆದರೆ ಮೊದಲ ಮೂರು ವಾರ ನಾನು ರೂಮುಗಳ ಮಂಚ, ಕುರ್ಚಿ, ಬಾಗಿಲು ಬರೆಯುತ್ತ ಕೂತೆ. ನೋಡಲು ಚೆಂದವಿತ್ತು, ಸೋರಿಕೆಗೆ ಉಪಯೋಗವಿರಲಿಲ್ಲ. ಎಲ್ಲ ಅಳಿಸಿ ಸಂಪು, ಪಂಪ್ ರೂಮು, ಪೈಪುಗಳು ಹಾದುಹೋಗುವ ಡಕ್ಟು, ತಾರಸಿ ಇಷ್ಟನ್ನೇ ಹಿಡಿದೆ.

ಗುತ್ತಿಗೆದಾರರು ಕೊಟ್ಟಿದ್ದ ಡ್ರಾಯಿಂಗಿಗೂ ಡಕ್ಟಿನೊಳಗಿದ್ದ ಪೈಪಿಗೂ ತಾಳೆಯಾಗಲಿಲ್ಲ. ಆಗ ಹಿರಿಯ ಪ್ಲಂಬರನ್ನೇ ಕರೆಸಿದೆ. "ಯಜಮಾನ್ರೇ, ನಿಮ್ಮ ತಲೇಲಿರೋದನ್ನ ನಂಗೆ ಕೊಟ್ಟುಬಿಡಿ" ಅಂದೆ. ಅವರು ಟಾರ್ಚ್ ಹಿಡಿದು ಡಕ್ಟಿನೊಳಗೆ ತಲೆ ಹಾಕಿ, ಪೈಪಿನ ಮೇಲೆ ಅಂಗೈ ಇಟ್ಟು, "ಇದು ಹೆರಿಗೆ ವಾರ್ಡಿಂದು ಸಾರ್. ಡ್ರಾಯಿಂಗಲ್ಲಿ ಎಡಕ್ಕೈತೆ, ಬೀಮ್ ಅಡ್ಡ ಬಂತು ಅಂತ ನಾವೇ ಬಲಕ್ಕೆ ತಿರುಗಿಸಿದ್ವಿ" ಅನ್ನುತ್ತಿದ್ದರು. ಅವರ ಮಾತನ್ನೂ ಪರೀಕ್ಷಿಸಿದೆವು. ನರ್ಸ್‌ಗಳಿಗೆ ಮೊದಲೇ ತಿಳಿಸಿ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಒಂದೊಂದೇ ವಾಲ್ವ್ ಮುಚ್ಚಿ, ಯಾವ ನಲ್ಲಿ ನಿಂತಿತೆಂದು ನೋಡಿ ಬರೆದುಕೊಂಡೆವು. ಒಟ್ಟು 64 ವಾಲ್ವ್‌ಗಳಲ್ಲಿ 9 ಅಲುಗಾಡಲೇ ಇಲ್ಲ. ಬೋರ್‌ವೆಲ್ ನೀರಿನ ಲವಣ ಕಟ್ಟಿ ಕಲ್ಲಾಗಿದ್ದವು. ಸೋರಿದ ರಾತ್ರಿ ಅವು ಸಿಕ್ಕಿದ್ದರೂ ಪ್ರಯೋಜನವಾಗುತ್ತಿರಲಿಲ್ಲ. ಅವನ್ನು ಬದಲಿಸಿದೆವು.

ಮಾಡೆಲ್‌ನಲ್ಲಿರುವ ನಂಬರನ್ನೇ ಅಲ್ಯುಮಿನಿಯಂ ಬಿಲ್ಲೆಗೆ ಕೊರೆದು ತಂತಿಯಿಂದ ವಾಲ್ವಿಗೆ ಕಟ್ಟಿದ್ದೇವೆ. ಕ್ಯುಆರ್ ಸ್ಟಿಕ್ಕರ್ ಹಚ್ಚಿ ನೋಡಿದೆ, ಡಕ್ಟಿನ ತೇವಕ್ಕೆ ಕಿತ್ತು ಬಂತು. ಮಾಡೆಲನ್ನು ರೆವಿಟ್ ಎಂಬ ಸಾಫ್ಟ್‌ವೇರ್‌ನಲ್ಲಿ ಮಾಡಿದರೂ ಐಎಫ್‌ಸಿ ಎಂಬ ಫೈಲ್ ರೂಪದಲ್ಲೂ ಒಂದು ಪ್ರತಿ ಇಟ್ಟಿದ್ದೇನೆ. ಅದು ಐಎಸ್‌ಒ 16739 ಮಾನದಂಡ, ನಾಳೆ ಸಾಫ್ಟ್‌ವೇರ್ ಬದಲಾದರೂ ತೆರೆಯಬಹುದು. ಕಟ್ಟಡದ ಮಾಹಿತಿ ಹಸ್ತಾಂತರಕ್ಕೆ ಕೋಬಿ ಎಂಬ ಪದ್ಧತಿಯಿದೆ. ಅದರ ಅಷ್ಟೂ ಕಾಲಮ್ ತುಂಬಿಸುವ ಆಸೆ ಬಿಟ್ಟು ಏಳನ್ನು ಉಳಿಸಿಕೊಂಡೆ: ನಂಬರು, ಜಾಗ, ಕಂಪನಿ, ಯಾವ ಭಾಗಕ್ಕೆ ನೀರು, ಹಾಕಿದ ದಿನ, ವಾರಂಟಿ, ಕೊನೆಯ ಸರ್ವಿಸ್.

ಈಗ ರಿಪೇರಿ ಆದ ದಿನವೇ ಹುಡುಗರು ಎ4 ಪ್ರಿಂಟಿನ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಾರೆ, ಶನಿವಾರ ನಾನು ಮಾಡೆಲ್‌ಗೆ ಏರಿಸುತ್ತೇನೆ. ಎರಡು ಶನಿವಾರ ತಪ್ಪಿದರೆ ಮಾಡೆಲ್ ಸುಳ್ಳು ಹೇಳತೊಡಗುತ್ತದೆ, ಹಾಗಾಗಿ ರಜೆ ಹಾಕುವಾಗ ಆ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿಯೇ ಹೋಗುವುದು.

ಸಂಪಿನಿಂದ ಹಳೇ ಬ್ಲಾಕಿಗೆ ನೆಲದಡಿ ಹೋಗುವ ಲೈನ್ ಮಾತ್ರ ಇನ್ನೂ ಚುಕ್ಕೆಗೆರೆಯಲ್ಲೇ ಇದೆ. ಅದನ್ನು ಹಾಕಿದ್ದು ಯಜಮಾನ್ರು ಕೆಲಸಕ್ಕೆ ಸೇರುವ ಮುಂಚೆ. ಬೇಸಿಗೆಯಲ್ಲಿ ಎರಡು ಕಡೆ ಅಗೆದು ನೋಡಬೇಕು, ಅವರೂ ಬರುತ್ತೇನೆಂದಿದ್ದಾರೆ.